ಗದ್ದದ ಕೆಳಗಿನ ಗಾಯ

ಬೆಳಗಿನ ಒಂಬತ್ತೂವರೆ. ನೀವಿರುವುದು ಹೆದ್ದಾರಿ 48ರ ಬದಿಯ ಒಂದು ಜಿಲ್ಲಾಸ್ಪತ್ರೆಯಲ್ಲಿ. ತುಮಕೂರಿಗೂ ಹಾವೇರಿಗೂ ನಡುವಿನ ಯಾವ ಊರಾದರೂ ಆದೀತು, ಹೆಸರು ಬೇಡ. ಓಪಿಡಿ ಚೀಟಿಯ ಸಾಲು ದಾಟಿ, ಆಕ್ಸಿಜನ್ ಟ್ಯಾಂಕ್ ದಾಟಿ, ಕಾಂಪೌಂಡಿನ ಮೂಲೆಗೆ ನಡೆದರೆ ಶವಾಗಾರ. ಎದುರಿನ ಹೊಂಗೆಮರದ ಕಟ್ಟೆಯ ಮೇಲೆ ಎರಡು ಮನೆಯವರು ಕೂತಿದ್ದಾರೆ. ಒಂದು ಗುಂಪಿನಲ್ಲಿ ಅಳು ಇನ್ನೂ ನಿಂತಿಲ್ಲ. ಇನ್ನೊಂದರಲ್ಲಿ ಆಂಬುಲೆನ್ಸಿಗೆ ಎಷ್ಟು ಕೇಳುತ್ತಾರೆ, ಊರು ಮುಟ್ಟುವುದು ಎಷ್ಟು ಹೊತ್ತಿಗೆ ಎಂಬ ಮಾತು ನಡೆದಿದೆ. ಸ್ವಲ್ಪ ದೂರದಲ್ಲಿ ಖಾಕಿ ಅಂಗಿಯ ಆಟೊ ಡ್ರೈವರ್ ಒಬ್ಬ ಎರಡೂ ಗುಂಪಿಗೆ ಸೇರದೆ ನಿಂತಿದ್ದಾನೆ. ಅವನ ತೋಳಿನ ಮೇಲೆ ರಕ್ತ ಒಣಗಿದೆ.

ಎಎಸ್‌ಐ ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ತೆಗೆದು ಜೋಡಿಸುತ್ತಿದ್ದಾರೆ. ಶವ ಪಂಚನಾಮೆ, ಪಂಚರ ಸಹಿ, ಮರಣೋತ್ತರ ಪರೀಕ್ಷೆಗೆ ಕೋರಿಕೆ ಪತ್ರ. ಮೇಲ್ಗಡೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 194 ಎಂದಿದೆ. 2024ರ ಜುಲೈಗೆ ಮುಂಚೆ ಅದೇ ಜಾಗದಲ್ಲಿ ಸಿಆರ್‌ಪಿಸಿ 174 ಎಂದಿರುತ್ತಿತ್ತು, ಅವರ ಬಾಯಿಗೆ ಇವತ್ತಿಗೂ ಬರುವುದು ಅದೇ. “ಎರಡೂ ಆಕ್ಸಿಡೆಂಟ್ ಮೇಡಂ. ಎರಡೂ ಹೆಡ್ ಇಂಜುರಿ. ಬೇಗ ಮುಗಿಯುತ್ತೆ” ಎನ್ನುತ್ತಾರೆ.

ವಿಧಿವಿಜ್ಞಾನದ ಡಾಕ್ಟರು ಕಾಗದ ಓದಿ ಮುಗಿಸುವವರೆಗೂ ಏನೂ ಹೇಳುವುದಿಲ್ಲ. ಆಮೇಲೆ ನಿಮಗೊಂದು ಗೌನು, ಮಾಸ್ಕು, ಕೈಗವಸು ಕೊಡಿಸುತ್ತಾರೆ. “ತಲೆ ಸುತ್ತಿದರೆ ಹೊರಗೆ ಹೋಗಿಬಿಡಿ, ಯಾರೂ ಏನೂ ಅನ್ಕೊಳ್ಳಲ್ಲ.”

ಒಳಗೆ ಫಿನಾಯಿಲು, ಅದರಡಿಯಲ್ಲಿ ಇನ್ನೊಂದು ವಾಸನೆ. ಎಕ್ಸಾಸ್ಟ್ ಫ್ಯಾನಿನ ಸದ್ದು ಮಾತನ್ನು ಅರ್ಧ ನುಂಗುತ್ತದೆ. ಸ್ಟೀಲಿನ ಮೇಜಿನ ಮೇಲೆ ಮೊದಲನೆಯವನು: ಇಪ್ಪತ್ತೈದರ ಆಸುಪಾಸಿನ ಹುಡುಗ, ಮೈಕಟ್ಟು ಗಟ್ಟಿ. ರಾತ್ರಿ ಬೈಕು ರಸ್ತೆವಿಭಜಕದ ಅಂಚಿಗೆ ತಾಗಿ ಮುಂದಕ್ಕೆ ಎಸೆಯಲ್ಪಟ್ಟಿದ್ದಾನೆ. ಪಕ್ಕದ ಕವರಿನಲ್ಲಿ ಅವನ ಹೆಲ್ಮೆಟ್ಟಿದೆ. ಕಿವಿಯ ಮೇಲಕ್ಕೇ ಮುಗಿದುಹೋಗುವ ಅರ್ಧ ಹೆಲ್ಮೆಟ್. ಅದರ ಮೇಲೆ ಹೇಳಿಕೊಳ್ಳುವಂಥ ಗೀರೂ ಇಲ್ಲ.

“ತಲೆ ಮುಟ್ಟಿ ನೋಡಿ.”

ಕೂದಲ ನಡುವೆ ಬೆರಳಾಡಿಸುತ್ತೀರಿ. ಊತವಿಲ್ಲ, ತಗ್ಗಿಲ್ಲ, ಸೀಳಿಲ್ಲ. ಎರಡೂ ಕಿವಿಯಿಂದ ಇಳಿದ ರಕ್ತ ಮಾತ್ರ ಕತ್ತಿನವರೆಗೆ ಗೆರೆಯಾಗಿ ಒಣಗಿದೆ. ತಲೆಗೇ ಪೆಟ್ಟು ಎಂದು ಬರೆದ ಕಾಗದ ಹೊರಗಿದೆ, ತಲೆಯ ಮೇಲೆ ಪೆಟ್ಟಿನ ಗುರುತೇ ಇಲ್ಲ. ಡಾಕ್ಟರು ಅವನ ಗದ್ದವನ್ನು ಮೇಲಕ್ಕೆತ್ತುತ್ತಾರೆ. ನಿಂತ ಜಾಗದಿಂದ ಕಾಣದಿದ್ದ ಗಾಯವೊಂದು ಅಲ್ಲಿದೆ: ಎರಡು ಬೆರಳಿನಗಲಕ್ಕಿಂತ ಕಡಿಮೆ, ಅಡ್ಡಡ್ಡ, ಅಂಚು ಚಿಂದಿಚಿಂದಿ, ಒಳಗೆ ಸಿಮೆಂಟಿನ ಪುಡಿ.

“ಇದು ಬಾಗಿಲು” ಎನ್ನುತ್ತಾರೆ. “ಸಾವು ಒಳಗೆ ಹೋಗಿದ್ದು ಇಲ್ಲಿಂದ.”

ಈಗ ಬಾಯಿ ತೆರೆಸಬೇಕು, ಅದು ಸುಲಭವಲ್ಲ. ಸತ್ತ ಮೇಲೆ ಸ್ನಾಯುಗಳು ಬಿಗಿಯುವಾಗ ಮೊದಲು ಗಟ್ಟಿಯಾಗುವ ಜಾಗಗಳಲ್ಲಿ ರೆಪ್ಪೆಯ ಜೊತೆಗೆ ದವಡೆಯೂ ಒಂದು. ರಾತ್ರಿ ಸತ್ತವನ ಬಾಯಿ ಬೆಳಿಗ್ಗೆಗೆ ಬೀಗ ಹಾಕಿದ ಹಾಗಿರುತ್ತದೆ. ಇವನ ದವಡೆಯೂ ಕೀಲಿನ ಹತ್ತಿರ ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಬಲಗಡೆ, ಕೋರೆಹಲ್ಲಿನ ಪಕ್ಕದಲ್ಲಿ, ಕೀಲೇ ಇಲ್ಲದ ಜಾಗದಲ್ಲಿ ಅದು ಅಲುಗುತ್ತದೆ. ಡಾಕ್ಟರು ಹೆಬ್ಬೆರಳನ್ನು ಕೆಳಹಲ್ಲುಗಳ ಮೇಲೂ ತೋರುಬೆರಳನ್ನು ಹೊರಗೆ ಮೂಳೆಯ ಅಂಚಿಗೂ ಇಟ್ಟು ಮೆಲ್ಲಗೆ ಒತ್ತುತ್ತಾರೆ. ಕರಕರ ಎಂಬ ಸದ್ದು ಬೆರಳಿಗೆ ಮೊದಲು ತಿಳಿಯುತ್ತದೆ, ಕಿವಿಗೆ ಆಮೇಲೆ. ಒಂದೇ ಸಾಲಿನಲ್ಲಿರಬೇಕಾದ ಹಲ್ಲುಗಳ ನಡುವೆ ಮೆಟ್ಟಿಲು ಬಿದ್ದಿದೆ. ನಾಲಿಗೆ ಎತ್ತಿದರೆ ಅದರಡಿಯ ಮೆತ್ತನೆಯ ಚರ್ಮ ನೇರಳೆಗಪ್ಪು. ಕೆಳದವಡೆ ಮುರಿದಿದೆ ಎನ್ನುವುದಕ್ಕೂ, ಮುರಿಯುವಾಗ ಹೃದಯ ಬಡಿಯುತ್ತಿತ್ತು ಎನ್ನುವುದಕ್ಕೂ ಅದು ಸಾಕ್ಷಿ. ಸತ್ತ ಮೇಲೆ ಮುರಿದ ಮೂಳೆಯ ಸುತ್ತ ರಕ್ತ ಹೀಗೆ ಇಂಗುವುದಿಲ್ಲ.

ಪಿಜಿ ವಿದ್ಯಾರ್ಥಿ ಅಷ್ಟಕ್ಕೇ ಬರೆದುಕೊಳ್ಳಲು ತಿರುಗುತ್ತಾನೆ. “ನಿಲ್ಲಪ್ಪ” ಎಂದು ಡಾಕ್ಟರು ಕರೆಯುತ್ತಾರೆ. “ಬಳೆ ಎಲ್ಲಾದರೂ ಒಂದೇ ಕಡೆ ಒಡೆಯುತ್ತಾ?”

ಕೆಳದವಡೆ ಕುದುರೆಲಾಳದ ಆಕಾರದ ಮೂಳೆ, ಎರಡು ತುದಿಯೂ ಬುರುಡೆಯ ತಳಕ್ಕೆ ಕೀಲಿನಲ್ಲಿ ಕೂತಿರುವುದರಿಂದ ವರ್ತುಲ ಅಲ್ಲಿ ಪೂರ್ತಿಯಾಗುತ್ತದೆ. ಬಳೆಯನ್ನು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಯೂ ಬಿರಿಯುವ ಹಾಗೆ, ದವಡೆ ಒಂದು ಕಡೆ ಮುರಿದದ್ದು ಕಂಡರೆ ಎರಡನೆಯದನ್ನು ಹುಡುಕುವುದು ವಾಡಿಕೆ. ಗದ್ದದ ಬಲಗಡೆ ಮುರಿದವರಲ್ಲಿ ಅದು ಬಹಳ ಸಲ ಎಡಗಿವಿಯ ಮುಂದೆ, ಕಾಂಡೈಲ್ ಎಂಬ ಕೀಲುತಲೆಯ ಕೊರಳಿನಲ್ಲಿ ಸಿಗುತ್ತದೆ. ದವಡೆಯಲ್ಲೇ ತೆಳ್ಳಗಿನ ಜಾಗಗಳಲ್ಲಿ ಅದೊಂದು. ತೆಳ್ಳಗಿರುವುದು ಕೊರತೆಯೇನಲ್ಲ. ಗದ್ದದಿಂದ ಏರಿಬಂದ ಬಲವನ್ನು ಅದು ತಾನು ಮುರಿದು ತಿಂದುಹಾಕುತ್ತದೆ. ಎರಡೂ ಕೊರಳು ಮುರಿದುಕೊಂಡವರು ಬಾಯಿ ಮುಚ್ಚಲಾಗದೆ, ಗಂಜಿ ಕುಡಿಯುತ್ತಾ, ಓಪಿಡಿಗೆ ತಾವೇ ನಡೆದು ಬರುತ್ತಾರೆ. ಪರೇಡಿನಲ್ಲಿ ಬಿಸಿಲಿಗೆ ನಿಂತ ಸೈನಿಕ ತಲೆಸುತ್ತಿ ನೆಟ್ಟಗೆ ಮುಂದಕ್ಕೆ ಬಿದ್ದಾಗ ಗದ್ದದ ನಡುವೆ ಒಂದು, ಎರಡು ಕೊರಳಲ್ಲಿ ಎರಡು, ಹೀಗೆ ಮೂರು ಮುರಿತ ಆಗುವುದುಂಟು. ಅದಕ್ಕೆ ಪಠ್ಯಪುಸ್ತಕಗಳಲ್ಲಿ ಗಾರ್ಡ್ಸ್‌ಮನ್ ಮುರಿತ ಎಂದೇ ಹೆಸರು.

ಡಾಕ್ಟರು ಎರಡೂ ಕಿವಿಯ ಮುಂದೆ ಬೆರಳಿಟ್ಟು ದವಡೆಯನ್ನು ಅಲುಗಿಸಿ ನೋಡುತ್ತಾರೆ. “ಇವನದು ಎರಡೂ ಗಟ್ಟಿಯಾಗಿದೆ. ಮುರಿಯಬೇಕಾದ್ದು ಮುರಿದಿಲ್ಲ. ಬಲ ಎಲ್ಲಿಗೆ ಹೋಯ್ತು ಹಾಗಾದರೆ?”

ಅದಕ್ಕೆ ಮುಂಚೆ ಮೇಲ್ದವಡೆ. ಪಿಜಿ ಮೇಲಿನ ಹಲ್ಲುಸಾಲನ್ನು ಹಿಡಿದು ಎಳೆದು ನೋಡುತ್ತಾನೆ, ಎಡಗೈ ಮೂಗಿನ ಬುಡದಲ್ಲಿ. ಹಲ್ಲು, ಅಂಗುಳ ಮಾತ್ರ ಅಲುಗಿದರೆ ಲ ಫೋರ್ ಒಂದು, ಮೂಗೂ ಜೊತೆಗೆ ಅಲುಗಿದರೆ ಎರಡು, ಕೆನ್ನೆಮೂಳೆ ಸಮೇತ ಇಡೀ ಮುಖವೇ ಬುರುಡೆಯಿಂದ ಬಿಟ್ಟುಕೊಂಡಂತಿದ್ದರೆ ಮೂರು. ಫ್ರಾನ್ಸಿನ ಲಿಲ್ ನಗರದಲ್ಲಿ ರೆನೆ ಲ ಫೋರ್ ಎಂಬ ವೈದ್ಯ ಶವಗಳ ತಲೆಗೆ ಬಗೆಬಗೆಯಾಗಿ ಪೆಟ್ಟು ಕೊಟ್ಟು, ಆಮೇಲೆ ಮಾಂಸ ಬಿಡಿಸಿ ಬಿರುಕು ನೋಡಿ, 1901ರಲ್ಲಿ ಈ ಮೂರು ಗೆರೆಗಳನ್ನು ಪ್ರಕಟಿಸಿದ. ಆಗ ರಸ್ತೆಯ ಮೇಲೆ ಮೋಟಾರುಗಳೇ ವಿರಳ. ಇವತ್ತು ನಿಂತ ಲಾರಿಯ ಹಿಂಬದಿಗೆ ಬೈಕು ನುಗ್ಗಿಸಿದವರ ಮುಖದಲ್ಲಿ ಮೂರೂ ಗೆರೆ ಒಟ್ಟಿಗೇ ಕಾಣುವುದುಂಟು. ಈ ಹುಡುಗನ ಮೇಲ್ದವಡೆ ಭದ್ರವಾಗಿದೆ. ಮೂಗೂ ಸರಿಯಾಗಿದೆ. ಮೂಗು ಮುರಿಯಲು ಬೇಕಾದ ಬಲದ ಹಲವು ಪಟ್ಟು ಗದ್ದದ ನಡುಭಾಗ ಮುರಿಯಲು ಬೇಕು. ಮೂಗು ಉಳಿದು ಗದ್ದ ಮುರಿದಿದೆ ಎಂದರೆ ಪೆಟ್ಟು ಬಿದ್ದದ್ದು ಬೇರೆಲ್ಲೂ ಅಲ್ಲ, ಅಲ್ಲೇ.

ಸಹಾಯಕ ತಲೆಯ ಕೆಳಗೆ ಮರದ ದಿಮ್ಮಿ ಸರಿಸುತ್ತಾನೆ. ಚಾಕು ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾಯ್ದು ಇನ್ನೊಂದು ಕಿವಿಯ ಹಿಂದಕ್ಕೆ ಹೋಗುತ್ತದೆ. ಹೊಲಿದ ಮೇಲೆ ಕೂದಲಲ್ಲಿ ಮುಚ್ಚಿಹೋಗಲಿ ಎಂದೇ ಈ ದಾರಿ. ಮುಖಕ್ಕೆ ಯಾರೂ ಚಾಕು ಹಾಕುವುದಿಲ್ಲ, ಮನೆಯವರು ಕೊನೆಗೆ ನೋಡುವುದು ಅದನ್ನೇ. ಗರಗಸ ಸುತ್ತು ಬಂದು ಬುರುಡೆಯ ಮುಚ್ಚಳ ಬಿಚ್ಚಿಕೊಳ್ಳುತ್ತದೆ. ಮಿದುಳಿನ ಮೇಲೆ ತೆಳುವಾಗಿ ರಕ್ತ ಹರಡಿದೆ, ಇಷ್ಟಕ್ಕೆ ಈ ವಯಸ್ಸಿನವನು ಸಾಯಬೇಕಿರಲಿಲ್ಲ. ಡಾಕ್ಟರು ಮಿದುಳನ್ನು ಎತ್ತಿ ಕೊಡುವಾಗ ಅದರ ಕಾಂಡ ಸೇತುಭಾಗದ ಕೆಳಗೆ ಹರಿದಿರುವುದು ಕಾಣುತ್ತದೆ. ಉಸಿರಾಟವನ್ನು ನಡೆಸುವ ಜಾಗ ಅದು.

ಬುರುಡೆಯ ತಳ ಈಗ ನಿಮ್ಮೆದುರಿಗಿದೆ. ಬೆಳ್ಳಗೆ, ಹೊಳೆಯುವ ಪೊರೆ ಹೊದ್ದುಕೊಂಡು, ಏನೂ ಆಗಿಲ್ಲವೆಂಬಂತೆ. ಅವಸರದ ಪೋಸ್ಟ್‌ಮಾರ್ಟಂ ಇಲ್ಲಿಗೆ ನಿಲ್ಲುತ್ತದೆ. ಡಾಕ್ಟರು ಚಿಮಟದಿಂದ ಡ್ಯೂರಾ ಎಂಬ ಆ ದಪ್ಪ ಪೊರೆಯ ಅಂಚು ಕಚ್ಚಿಸಿ ಹಿಡಿದು ಎಳೆಯುತ್ತಾರೆ. ಅದು ಸುಲಭಕ್ಕೆ ಬರುವುದಿಲ್ಲ, ಮೊಣಕೈ ಬಲ ಹಾಕಬೇಕು. ಪರ್ರನೆ ಸುಲಿದು ಬಂದಾಗ ಕೆಳಗಿನ ಮೂಳೆಯ ಮೇಲೆ ಒಂದು ಕೆಂಪು ಗೆರೆ ಕಾಣುತ್ತದೆ. ಬಲಗಿವಿಯ ಒಳಮೂಳೆಯಿಂದ ಹೊರಟು, ನಡುವೆ ಪಿಟ್ಯುಟರಿ ಗ್ರಂಥಿ ಕೂರುವ ಗುಳಿಯನ್ನು ದಾಟಿ, ಎಡಗಿವಿಯ ಒಳಮೂಳೆಯವರೆಗೆ. ಡಾಕ್ಟರು ಎರಡೂ ಪಕ್ಕ ಹಿಡಿದು ಒತ್ತುತ್ತಾರೆ. ಬುರುಡೆಯ ತಳದ ಮುಂದಿನ ಅರ್ಧ, ಹಿಂದಿನ ಅರ್ಧ ಬೇರೆಬೇರೆಯಾಗಿ ಅಲುಗುತ್ತವೆ.

“ಹಿಂಜ್ ಫ್ರ್ಯಾಕ್ಚರ್. ಇದಕ್ಕೆ ಬೈಕ್ ಸವಾರರ ಮುರಿತ ಅಂತಲೇ ಹೆಸರಿದೆ.”

ಕಿವಿಯಿಂದ ರಕ್ತ ಬಂದದ್ದೇಕೆ ಎಂದು ಈಗ ಕೇಳಬೇಕಾಗಿಲ್ಲ. ಗದ್ದ ಸಿಮೆಂಟಿನ ಅಂಚಿಗೆ ಬಡಿಯಿತು. ದವಡೆಯ ಮುಂಭಾಗ ಮುರಿದರೂ ಬಲ ತೀರಲಿಲ್ಲ, ದವಡೆಯ ಎರಡು ಕಂಬ ಏರಿ ಕೀಲುತಲೆಗಳನ್ನು ಬುರುಡೆಯ ತಳಕ್ಕೆ ಗುದ್ದಿತು. ಕೀಲಿನ ಗುಳಿಯ ಮೇಲ್ಛಾವಣಿ ತೀರ ತೆಳು, ಅದರಾಚೆ ಮಿದುಳೇ. ಅದೇ ಗಳಿಗೆಯಲ್ಲಿ ತಲೆ ಹಿಂದಕ್ಕೆ ಜಗ್ಗಿ ಮಿದುಳಕಾಂಡ ಎಳೆದು ಹರಿಯಿತು. ಇಷ್ಟೂ ನಡೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ, ತಲೆಯ ಮೇಲ್ಭಾಗ ಎಲ್ಲಿಗೂ ತಾಗದೆ, ಹೆಲ್ಮೆಟ್ಟಿಗೆ ಗೀರೂ ಬೀಳದೆ.

ಎರಡನೆಯವನನ್ನು ಮೇಜಿಗೆ ತರುತ್ತಾರೆ. ನಲವತ್ತು ದಾಟಿದ ಮನುಷ್ಯ. ಮೊಪೆಡ್ಡಿನಲ್ಲಿ ಸಂತೆ ಮುಗಿಸಿ ಹೋಗುತ್ತಿದ್ದವನಿಗೆ ಹಿಂದಿನಿಂದ ಕಾರು ಗುದ್ದಿ, ಮುಖ ಅಡಿಯಾಗಿ ಡಾಂಬರಿನ ಮೇಲೆ ಬಿದ್ದಿದ್ದಾನೆ. ಹೆಲ್ಮೆಟ್ ಇಲ್ಲ. ಹಣೆ, ಮೂಗು, ತುಟಿ ಉಜ್ಜಿಹೋಗಿವೆ. ನೋಡಲು ಮೊದಲನೆಯವನಿಗಿಂತ ಘೋರ. ಇವನ ಬುರುಡೆಯನ್ನು ಮೊದಲು ತೆಗೆಯುತ್ತಾರೆ. ಪೊರೆ ಸುಲಿದು ತಳ ನೋಡುತ್ತಾರೆ. ಎಲ್ಲೂ ಬಿರುಕಿಲ್ಲ. ಮಿದುಳು ಊದಿದೆ, ರಕ್ತನಾಳಗಳು ತುಂಬಿಕೊಂಡಿವೆ, ಒಳಗೆ ರಕ್ತಸ್ರಾವವಿಲ್ಲ. ಕತ್ತಿನ ಮೂಳೆ ಸರಿ. ಎದೆಗೂಡು ಸರಿ.

“ಇವನು ಯಾತಕ್ಕೆ ಸತ್ತ ಮೇಡಂ?” ಪಿಜಿಯ ಪ್ರಶ್ನೆ ನಿಮ್ಮದೂ ಹೌದು.

ಡಾಕ್ಟರು ಕೆಳದವಡೆಯ ಮುಂಭಾಗವನ್ನು ಹಿಡಿಯುತ್ತಾರೆ. ಎರಡೂ ಕೋರೆಹಲ್ಲುಗಳ ನಡುವಿನ ತುಂಡು, ಮುಂದಿನ ಹಲ್ಲುಗಳ ಸಮೇತ, ಅವರ ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಬಲಗಡೆಯೂ ಮುರಿದಿದೆ, ಎಡಗಡೆಯೂ ಮುರಿದಿದೆ. “ನಾಲಿಗೆ ಎಲ್ಲಿ ಕಟ್ಟಿಕೊಂಡಿರುತ್ತೆ ಹೇಳು.” ಗದ್ದದ ಒಳಮೈಗೆ, ಸರಿಯಾಗಿ ನಡುವೆ. ನಾಲಿಗೆಯನ್ನು ಮುಂದಕ್ಕೆ ಹಿಡಿದಿಡುವ ಸ್ನಾಯು ಹೊರಡುವುದೇ ಆ ಮೂಳೆಯಿಂದ. ಆ ತುಂಡು ಎರಡೂ ಬದಿಯಿಂದ ಬಿಟ್ಟುಕೊಂಡರೆ ನಾಲಿಗೆಗೆ ಹಿಡಿತ ತಪ್ಪುತ್ತದೆ. ಅಂಗಾತ ಮಲಗಿಸಿದರೆ ಅದು ಗಂಟಲಿಗೆ ಬೀಳುತ್ತದೆ, ಮೇಲಿನಿಂದ ಬಾಯಿಯ ರಕ್ತವೂ ಇಳಿಯುತ್ತದೆ. ಪ್ರಜ್ಞೆ ಇದ್ದವನು ತಾನಾಗಿಯೇ ಎದ್ದು ಕೂತು, ಮುಂದಕ್ಕೆ ಬಾಗಿ, ಉಗಿಯುತ್ತಾ ಬದುಕಿಕೊಳ್ಳುತ್ತಾನೆ. ಪ್ರಜ್ಞೆ ತಪ್ಪಿದವನಿಗೆ ಆ ದಾರಿಯಿಲ್ಲ.

ಶ್ವಾಸನಾಳವನ್ನು ಹಿಂದಿನಿಂದ ಉದ್ದಕ್ಕೆ ಸೀಳುತ್ತಾರೆ. ಒಳಗೆ ಕೆಂಪು ನೊರೆ. ನೊರೆಯಾಗಬೇಕಾದರೆ ರಕ್ತದ ಜೊತೆ ಗಾಳಿ ಕಡೆಯಬೇಕು, ಗಾಳಿ ಆಡಬೇಕಾದರೆ ಮನುಷ್ಯ ಉಸಿರಾಡುತ್ತಿರಬೇಕು. ಶ್ವಾಸಕೋಶದ ಮೇಲೆ ಅಲ್ಲಲ್ಲಿ ಕಪ್ಪುಗೆಂಪು ಮಚ್ಚೆಗಳು, ರಕ್ತ ಒಳಗೆ ಎಳೆದುಕೊಂಡ ಕಡೆಯೆಲ್ಲ. ಕೆಳದವಡೆಯಲ್ಲಿ ಒಂದು ಬಾಚಿಹಲ್ಲು ಕಾಣುತ್ತಿರಲಿಲ್ಲ. ರಸ್ತೆಯಲ್ಲಿ ಬಿದ್ದಿರಬೇಕು ಎಂದು ಪಂಚನಾಮೆಯಲ್ಲಿದೆ. ಡಾಕ್ಟರು ಬಲಗಡೆಯ ಕವಲಿನೊಳಗೆ ಚಿಮಟ ಇಳಿಸುತ್ತಾರೆ. ಎಡಗಡೆಯದಕ್ಕಿಂತ ಅಗಲವಾಗಿ, ನೆಟ್ಟಗೆ ಇಳಿಯುವ ಆ ಕವಲಿಗೇ ಹೊರಗಿನ ವಸ್ತುಗಳು ಹೆಚ್ಚಾಗಿ ಜಾರುವುದು. ಚಿಮಟ ಮೇಲೆ ಬಂದಾಗ ಅದರ ತುದಿಯಲ್ಲಿ ಹಲ್ಲು. ಸ್ಟೀಲ್ ತಟ್ಟೆಗೆ ಟಣ್ಣನೆ ಬೀಳುತ್ತದೆ. ಹೊಟ್ಟೆ ತೆರೆದರೆ ಅನ್ನದ ಜೊತೆ ನುಂಗಿದ ರಕ್ತ.

ಎಎಸ್‌ಐ ಬಾಗಿಲಿಗೆ ಬಂದಿದ್ದಾರೆ. “ಮೇಡಂ, ಇದು ಸ್ಥಳದಲ್ಲೇ ಸಾವು ಅಂತ ಬರ್ಕೊಂಡಿದೀನಿ. ಇಲ್ಲಿಗೆ ತಂದಾಗ ಜೀವ ಇರಲಿಲ್ಲ.”

“ಸ್ಥಳದಲ್ಲಿ ಸತ್ತಿಲ್ಲ ಸರ್. ಉಸಿರಾಡಿದಾನೆ, ನುಂಗಿದಾನೆ. ಎಷ್ಟು ನಿಮಿಷ ಅಂತ ನನ್ನ ಕೇಳಬೇಡಿ. ತಂದವರು ಯಾರು?”

“ಆಟೊದವನು. ದಾರೀಲಿ ಗೊರಗೊರ ಅಂತಿದ್ದ ಅಂತ ಹೇಳ್ದ.”

“ಅದನ್ನೂ ಬರ್ಕೊಳ್ಳಿ.”

ಕೈ ತೊಳೆದು ಪಕ್ಕದ ಕೋಣೆಯಲ್ಲಿ ಕೂತು ಅವರು ವರದಿ ಬರೆಯುವಾಗ ಚಹಾ ಬರುತ್ತದೆ. ಸಾವಿನ ಕಾರಣದ ಜಾಗದಲ್ಲಿ ಇಬ್ಬರಿಗೂ ‘ತಲೆಗೆ ಪೆಟ್ಟು’ ಎಂದು ಬರೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಮೊದಲನೆಯದಕ್ಕೆ ಗದ್ದಕ್ಕೆ ಬಿದ್ದ ಪೆಟ್ಟಿನಿಂದ ಬುರುಡೆಯ ತಳ ಮುರಿದು ಮಿದುಳಕಾಂಡ ಹರಿದದ್ದು ಎಂದು ಬರೆಯುತ್ತಾರೆ, ಎರಡನೆಯದಕ್ಕೆ ಕೆಳದವಡೆ ಎರಡೂ ಕಡೆ ಮುರಿದು, ರಕ್ತ ಶ್ವಾಸನಾಳಕ್ಕಿಳಿದು ಉಸಿರುಕಟ್ಟಿದ್ದು ಎಂದು. ಮೂಳೆ ಒಂದೇ, ಸಾವು ಎರಡು ಬಗೆ. ಒಬ್ಬನಿಗೆ ದವಡೆ ಪೆಟ್ಟಿನ ದಾರಿಯಾಯಿತು, ಇನ್ನೊಬ್ಬನಿಗೆ ಅದೇ ಮೃತ್ಯುವಾಯಿತು. ಮೊದಲನೆಯವನನ್ನು ರಸ್ತೆಯಿಂದ ಎತ್ತಿದ ಮೇಲೆ ಯಾರಿಗೂ ಏನೂ ಮಾಡಲು ಆಗುತ್ತಿರಲಿಲ್ಲ, ಅವನನ್ನು ಉಳಿಸುವುದಿದ್ದರೆ ಹೆಲ್ಮೆಟ್ ಕೊಳ್ಳುವ ಹೊತ್ತಿಗೇ ಉಳಿಸಬೇಕಿತ್ತು. ಎರಡನೆಯವನನ್ನು ಪಕ್ಕಕ್ಕೆ ಹೊರಳಿಸಿದ್ದರೆ ಉಳಿಯುವ ಅವಕಾಶವಾದರೂ ಇರುತ್ತಿತ್ತು.

“ಹೆಲ್ಮೆಟ್ ಹಾಕಿದ್ದ ಅಂತ ಹಾಕ್ಲಾ ಮೇಡಂ, ಮೊದಲನೆಯವನಿಗೆ?” ಎಎಸ್‌ಐ ಕೇಳುತ್ತಾರೆ.

“ಹಾಕಿ. ಗದ್ದ ಮುಚ್ಚದ ಅರ್ಧ ಹೆಲ್ಮೆಟ್ ಅಂತ ಪೂರ್ತಿ ಹಾಕಿ.”

ಆ ಒಂದು ಮಾತಿನ ತೂಕ ಲೆಕ್ಕದ ಪುಸ್ತಕದಲ್ಲಿ ಗೊತ್ತಾಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು, ಹೆಲ್ಮೆಟ್ ಧರಿಸದೆ ಸತ್ತವರು 50,029. ಈ ಹುಡುಗ ಬರಿದೇ ‘ಧರಿಸಿದ್ದ’ ಎಂಬ ಪಟ್ಟಿಗೆ ಸೇರಿದರೆ ಹೆಲ್ಮೆಟ್ ಹಾಕಿಯೂ ಪ್ರಯೋಜನವಿಲ್ಲ ಎನ್ನುವವರ ಬಾಯಿಗೆ ಒಂದು ಉದಾಹರಣೆಯಾಗುತ್ತಾನೆ. ಜರ್ಮನಿಯ ಹ್ಯಾನೋವರಿನಲ್ಲಿ ಡೀಟ್ಮಾರ್ ಓಟ್ಟೆ ಎಂಬ ಸಂಶೋಧಕ ಅಪಘಾತಕ್ಕೀಡಾದ ಹೆಲ್ಮೆಟ್ಟುಗಳ ಮೇಲೆ ಪೆಟ್ಟು ಎಲ್ಲೆಲ್ಲಿ ಬಿದ್ದಿದೆ ಎಂದು ಗುರುತು ಹಾಕಿದಾಗ ಸುಮಾರು ಮೂರರಲ್ಲೊಂದು ಪಾಲು ಗದ್ದದ ಭಾಗದಲ್ಲಿತ್ತು. ಅರ್ಧ ಹೆಲ್ಮೆಟ್ಟಿನಲ್ಲಿ ಇಲ್ಲದಿರುವುದು ಅದೇ ಭಾಗ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಎಲ್ಲರನ್ನೂ ಉಳಿಸುತ್ತದೆ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ವೇಗ ಮಿತಿಮೀರಿದರೆ ಗದ್ದಪಟ್ಟಿಯ ಮೂಲಕವೂ ಬಲ ಬುರುಡೆಯ ತಳ ಮುಟ್ಟುತ್ತದೆ. ಆದರೂ ಬರಿ ಮೂಳೆಗೂ ಸಿಮೆಂಟಿಗೂ ನಡುವೆ ಒಂದು ಮೆತ್ತೆ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ನೀವು ಈಗಷ್ಟೇ ಕಣ್ಣಾರೆ ನೋಡಿದ್ದೀರಿ.

ಹೊರಗೆ ಬಿಸಿಲೇರಿದೆ. ಹುಡುಗನ ಚಿಕ್ಕಪ್ಪ ಎದ್ದು ಬರುತ್ತಾರೆ. “ಹೆಲ್ಮೆಟ್ ಹಾಕಿದ್ನಲ್ಲ ಮೇಡಂ, ತಲೆಗೆ ಏನೂ ಆಗಿಲ್ವಲ್ಲ...”

“ಗದ್ದಕ್ಕೆ ಬಿದ್ದ ಪೆಟ್ಟು ಒಳಗೆ ಹೋಗಿದೆ ಯಜಮಾನ್ರೇ. ತಕ್ಷಣ ಹೋಗಿದಾನೆ, ನರಳಿಲ್ಲ. ಮನೇಲಿ ಇನ್ಯಾರು ಬೈಕ್ ಓಡಿಸ್ತಾರೆ?”

ಚಿಕ್ಕಪ್ಪ ಹಿಂದೆ ನಿಂತ ಹುಡುಗನನ್ನು ತೋರಿಸುತ್ತಾರೆ. ಸತ್ತವನ ತಮ್ಮ. ಕೈಯಲ್ಲಿ ಅಂಥದೇ ಅರ್ಧ ಹೆಲ್ಮೆಟ್. ಡಾಕ್ಟರು ಅದನ್ನು ನೋಡಿ, “ಗದ್ದ ಮುಚ್ಚೋದು, ಐಎಸ್‌ಐ ಗುರುತಿರೋದು ಕೊಡ್ಸಿ” ಎನ್ನುತ್ತಾರೆ. ಚಿಕ್ಕಪ್ಪ ತಲೆಯಾಡಿಸುತ್ತಾರೆ.

ಆಟೊ ಡ್ರೈವರ್ ಅಷ್ಟು ಹೊತ್ತೂ ಕಾದಿದ್ದು ಈಗ ಹತ್ತಿರ ಬರುತ್ತಾನೆ. ಅವನಿಗೆ ಒಂದೇ ವಿಷಯ ತಿಳಿಯಬೇಕಿದೆ. “ಮೇಡಂ, ನಾನು ಸೀಟಿನ ಮೇಲೆ ಅಂಗಾತ ಮಲಗಿಸ್ಕೊಂಡು ಬಂದೆ. ಬಾಯಿಂದ ರಕ್ತ ಬರ್ತಿತ್ತು, ಒಂದು ಬಟ್ಟೆ ಒತ್ತಿ ಹಿಡ್ಕೊ ಅಂತ ಜೊತೆಗಿದ್ದೋರಿಗೆ ಹೇಳ್ದೆ. ತಪ್ಪಾಯ್ತಾ?”

ಡಾಕ್ಟರು ತಕ್ಷಣ ಉತ್ತರ ಕೊಡುವುದಿಲ್ಲ. “ನೀವು ನಿಲ್ಸಿದ್ರಿ. ಎಷ್ಟು ಗಾಡಿ ನಿಲ್ಲಿಸ್ದೆ ಹೋಗಿವೆ?” ಎನ್ನುತ್ತಾರೆ. “ನಿಮ್ಮನ್ನ ಯಾರೂ ಕೋರ್ಟು ಕಚೇರಿ ಅಂತ ಅಲೆಸೋ ಹಾಗಿಲ್ಲ, ಮೋಟಾರು ವಾಹನ ಕಾಯ್ದೆಯ 134ಎ ಇರೋದೇ ನಿಮ್ಮಂಥೋರಿಗೆ. ಮುಂದಿನ ಸಲಕ್ಕೆ ಒಂದು ತಿಳ್ಕೊಳ್ಳಿ.” ಶವಾಗಾರದ ಸಹಾಯಕನನ್ನು ಕರೆದು ಕಟ್ಟೆಯ ಮೇಲೆ ಮಲಗಿಸುತ್ತಾರೆ. ಅವನು ನಗು ತಡೆದುಕೊಂಡು ಮಲಗುತ್ತಾನೆ. “ಎದ್ದು ಕೂತ್ಕೋತೀನಿ ಅಂದ್ರೆ ಕೂರಿಸಿ, ಮುಂದಕ್ಕೆ ಬಾಗಿಸಿ, ಒತ್ತಿ ಮಲಗಿಸಬೇಡಿ. ಪ್ರಜ್ಞೆ ಇಲ್ಲ, ಬಾಯಲ್ಲಿ ರಕ್ತ ಇದೆ ಅಂದ್ರೆ ಹೀಗೆ ಪಕ್ಕಕ್ಕೆ. ಒಬ್ಬರು ತಲೆ ಹಿಡೀಬೇಕು, ಒಬ್ಬರು ಭುಜ, ಒಬ್ಬರು ಸೊಂಟ. ಕತ್ತು ತಿರುಚಬಾರದು, ಇಡೀ ಮೈ ಒಟ್ಟಿಗೆ ಹೊರಳಬೇಕು. ಬಾಯಿ ನೆಲದ ಕಡೆ ಇರಲಿ, ರಕ್ತ ಹೊರಗೆ ಹೋಗಲಿ. ಬಾಯಿಗೆ ಬಟ್ಟೆ ತುರುಕಬೇಡಿ. ನೀರು ಕುಡಿಸಬೇಡಿ.”

ಡ್ರೈವರ್ ಸಹಾಯಕನ ಭುಜಕ್ಕೆ ಕೈ ಹಾಕಿ ಹೊರಳಿಸಿ ನೋಡುತ್ತಾನೆ. ಕತ್ತು ಹಿಂದೆ ಉಳಿಯುತ್ತದೆ. “ಹಾಗಲ್ಲ, ತಲೆ ಹಿಡಿಯೋರು ಬೇಕಲ್ಲ” ಎಂದು ಡಾಕ್ಟರು ತಾವೇ ತಲೆ ಹಿಡಿಯುತ್ತಾರೆ. ಈ ಸಲ ಮೈ ಒಟ್ಟಿಗೆ ತಿರುಗುತ್ತದೆ. ಹುಡುಗನ ತಮ್ಮನೂ ಚಿಕ್ಕಪ್ಪನೂ ಹತ್ತಿರ ಬಂದು ನಿಂತಿದ್ದಾರೆ. ಎಎಸ್‌ಐ ಕಾಗದದ ಕವರನ್ನು ಬಗಲಿಗೆ ಸಿಕ್ಕಿಸಿಕೊಂಡು, ಸೊಂಟದ ಕಡೆ ಕೈ ಕೊಡಲು ಬಾಗುತ್ತಾರೆ.

“ಇನ್ನೊಂದ್ಸಲ ತೋರ್ಸಿ ಮೇಡಂ. ಮೊದಲು ಹೋಗೋದು ನಾವೇ ಅಲ್ವಾ.”